ಅನಾನಸ್ ಅಪರೂಪವಾಗಿದ್ದ ಕಾಲ

ಸೂಪರ್‌ಮಾರ್ಕೆಟ್ಟುಗಳಲ್ಲಿ ಕಿವಿ, ರಂಬುಟಾನ್, ಡ್ರ್ಯಾಗನ್ ಹಣ್ಣುಗಳಿಗೆ ಬೇರೆಯದೇ ಸಾಲು. ಅನಾನಸ್ ಮಾತ್ರ ಬಾಳೆ, ಪರಂಗಿಗಳ ಜೊತೆ ಊರಿನ ಹಣ್ಣಿನಂತೆ ಕುಳಿತಿರುತ್ತದೆ. ಹತ್ತನೆಯ ಶತಮಾನದಲ್ಲಿ ಪಂಪ ಬನವಾಸಿಯನ್ನು ಬಣ್ಣಿಸಿದಾಗ ಆ ಸೀಮೆಯಲ್ಲಿ ಅನಾನಸ್ ಇರಲಿಲ್ಲ. ಇಡೀ ಭಾರತದಲ್ಲೇ ಇರಲಿಲ್ಲ. ಇಂದು ಅದೇ ಬನವಾಸಿಯ ಸುತ್ತ ಅದು ರೈತರ ಮುಖ್ಯ ಬೆಳೆಗಳಲ್ಲೊಂದು. ಹಣ್ಣಿಗೆ ಅಂಟಿದ ಪರಕೀಯತೆ ಕಳಚುವುದು ಅದನ್ನು ಬೆಳೆಸುವ ಉಪಾಯ ಸಾಮಾನ್ಯರ ಕೈಗೆ ಬಂದಾಗ ಎಂದು ನನಗೆ ಅನ್ನಿಸುವುದು ಈ ಚರಿತ್ರೆಯಿಂದ.

ದಕ್ಷಿಣ ಅಮೆರಿಕ ಮೂಲದ ಈ ಹಣ್ಣನ್ನು ಕೊಲಂಬಸ್ಸನ ತಂಡ ಕಂಡದ್ದು 1493ರಲ್ಲಿ, ಗ್ವಾಡಲೂಪ್ ದ್ವೀಪದಲ್ಲಿ. ಪೋರ್ಚುಗೀಸರು ಹದಿನಾರನೆಯ ಶತಮಾನದಲ್ಲೇ ಅದನ್ನು ನಮ್ಮ ಪಶ್ಚಿಮ ಕರಾವಳಿಗೆ ತಂದರು. ಬೀಜದ ಗೊಡವೆಯಿಲ್ಲದೆ, ಬುಡದ ಕಂದಿನಿಂದಲೋ ಹಣ್ಣಿನ ನೆತ್ತಿಯ ಜುಟ್ಟಿನಿಂದಲೋ ಹೊಸ ಗಿಡವಾಗುವ ಸಸ್ಯವಿದು. ನೀರಿಲ್ಲದೆ ಬಹುದಿನ ಬದುಕುವುದರಿಂದ ಹಡಗಿನ ಪ್ರಯಾಣವನ್ನೂ ತಾಳಿಕೊಂಡಿತು. ಆಗ್ರಾದ ಗುಲಫ್ಷಾನ್ ತೋಟದಲ್ಲಿ ವರ್ಷಕ್ಕೆ ಸಾವಿರಾರು ಅನಾನಸ್ ಬಿಡುತ್ತಿದ್ದವೆಂದು ಜಹಾಂಗೀರ್ ತನ್ನ ಆತ್ಮಕಥನದಲ್ಲಿ ಬರೆದಿದ್ದಾನೆ. ಇಂಗ್ಲೆಂಡಿನ ಚಳಿಯಲ್ಲಾದರೋ ಗಾಜಿನ ಮನೆ ಕಟ್ಟಬೇಕು, ಚರ್ಮ ಹದ ಮಾಡಿ ಉಳಿದ ತೊಗಟೆಯನ್ನು ಕೊಳೆಹಾಕಿ ಬುಡಕ್ಕೆ ಕಾವು ಕೊಡಬೇಕು, ಒಂದು ಹಣ್ಣಿಗಾಗಿ ಎರಡು ಮೂರು ವರ್ಷ ಕಾಯಬೇಕು. ಅಷ್ಟು ಖರ್ಚು ಸಿರಿವಂತರಿಗೆ ಮಾತ್ರ ಸಾಧ್ಯ. ಹೀಗಾಗಿ ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ಔತಣದ ಮೇಜಿಗೆ ಅನಾನಸ್ಸನ್ನು ಬಾಡಿಗೆಗೆ ತಂದು, ತಿನ್ನದೆ ಹಿಂತಿರುಗಿಸುವುದೂ ಇತ್ತು. ಸ್ಕಾಟ್ಲೆಂಡಿನ ಡನ್‌ಮೋರ್‌ನ ಶ್ರೀಮಂತನೊಬ್ಬನ ತೋಟದಲ್ಲಿ ಅನಾನಸ್ ಆಕಾರದ ದೊಡ್ಡ ಕಲ್ಲುಗೋಪುರವೇ ಎದ್ದಿತು.

ಮುಂದೆ ಬ್ರಿಟನ್ನಿನಲ್ಲೂ ಅದು ಅಗ್ಗವಾಯಿತಲ್ಲ, ಅಲ್ಲಿನ ರೈತರೇನೂ ಬೆಳೆಯಲಿಲ್ಲವಲ್ಲ ಎಂದು ಕೇಳಬಹುದು. ನಿಜ, ಉಗಿಹಡಗು ಮತ್ತು ತಗಡಿನ ಡಬ್ಬಿ ಬೆಲೆಯನ್ನು ಇಳಿಸಿದವು. ಆದರೆ ಬೆಲೆ ಇಳಿಯುವುದು ಬೇರೆ, ಒಕ್ಕಲಾಗುವುದು ಬೇರೆ. ಹಿತ್ತಿಲಲ್ಲಿ ಕೈಗೆಟಕುವಷ್ಟು ಬೆಳೆದ ಕಡೆ ಅಡುಗೆಯವರಿಗೆ ಪ್ರಯೋಗ ಮಾಡುವ ಧೈರ್ಯ ಬರುತ್ತದೆ. ಹುಳಿಸಿಹಿ ಹಣ್ಣಿಗೆ ಎಳ್ಳು, ಒಣಮೆಣಸು, ಬೆಲ್ಲ ಸೇರಿಸಿ ಗೊಜ್ಜು, ಮೆಣಸ್ಕಾಯಿ ಮಾಡಿದವರು ಅದನ್ನು ಮದುವೆಯ ಎಲೆಯ ಮೇಲಕ್ಕೇ ಏರಿಸಿದರು. ಈ ಜಾಣ್ಮೆಗೆ ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಹೆಚ್ಚು ಜಾಗ ಸಿಗಬೇಕಿತ್ತು.

ಹೊರಗಿನ ಹಣ್ಣುಗಳು ನಮ್ಮ ನೇರಳೆ, ಕವಳೆ, ಮುರುಗಲುಗಳನ್ನು ಮೂಲೆಗೊತ್ತಿವೆ ಎಂಬ ದೂರು ಇನ್ನೂ ಗಂಭೀರವಾದದ್ದು. ಆದರೆ ಕವಳೆ ಕಡಿಮೆಯಾದದ್ದು ಕುರುಚಲು ಕಾಡು ಕಡಿದದ್ದರಿಂದ. ನೇರಳೆ ದೂರದ ಪೇಟೆ ಮುಟ್ಟದಿರುವುದು ಅದರ ಮೆತ್ತನೆಯ ಮೈ ಬೇಗ ಕೆಡುವುದರಿಂದ. ಅನಾನಸ್ಸನ್ನು ಓಡಿಸಿದರೆ ಇವು ಮರಳಿ ಬಾರವು. ಅನಾನಸ್ ನಡೆದ ಹಾದಿಯಲ್ಲೇ ಈಗ ಆ ಬೇರೆ ಸಾಲಿನ ಹಣ್ಣೊಂದು ಹೊರಟಿದೆ: ಮಧ್ಯ ಅಮೆರಿಕದ ಕಳ್ಳಿ ಜಾತಿಯ ಡ್ರ್ಯಾಗನ್ ಹಣ್ಣು ಕೂಡ ತುಂಡು ನೆಟ್ಟರೆ ಚಿಗುರುವ ಗಿಡ. ಕಡಿಮೆ ನೀರು ಸಾಕಾದ್ದರಿಂದ ನಮ್ಮ ಬಯಲುಸೀಮೆಯ ರೈತರು ಈಗಾಗಲೇ ಕಂಬಗಳಿಗೆ ಹಬ್ಬಿಸಿ ಬೆಳೆಯುತ್ತಿದ್ದಾರೆ. ನಮ್ಮ ಅಡುಗೆಮನೆ ಅದನ್ನಿನ್ನೂ ಹೋಳು ಮಾಡಿ ತಿನ್ನುವುದರಾಚೆಗೆ ಒಯ್ದಿಲ್ಲ.