ಕಸಿ ಕಟ್ಟಿ ಉಳಿಸಿದ ಇತಿಹಾಸ



ಬೇಸಿಗೆಯಲ್ಲಿ ಕಲಘಟಗಿಯ ಕಡೆಯ ಆಪೂಸ್ ಹಣ್ಣನ್ನು ನೀವು ತಿಂದಿರಬಹುದು. ಅದರ ರುಚಿಗೆ ಮನಸೋತು ಗೊರಟವನ್ನು ಹಿತ್ತಲಿನಲ್ಲಿ ಹೂಳಿದವರೂ ನಿಮ್ಮಲ್ಲಿ ಇರಬಹುದು. ಸಸಿಯೇನೋ ಏಳುತ್ತದೆ. ಆದರೆ ಹಲವು ವರ್ಷ ಕಾದ ಮೇಲೆ ಅದು ಕೊಡುವ ಹಣ್ಣು ಆಪೂಸ್ ಆಗಿರುವುದಿಲ್ಲ. ಹುಳಿ ಇರಬಹುದು, ನಾರು ಇರಬಹುದು, ಅಪರೂಪಕ್ಕೆ ಬಲು ಸೊಗಸಾಗಿಯೂ ಇರಬಹುದು. ಹೀಗೇಕೆ?

ಮಾವಿನ ಹೂವಿಗೆ ಸಾಮಾನ್ಯವಾಗಿ ಬೇರೆ ಮರದ ಪರಾಗ ತಗಲುತ್ತದೆ. ಆದ್ದರಿಂದ ಆಪೂಸ್ ಗೊರಟದೊಳಗಿನ ಸಸಿ ಎರಡು ಮರಗಳ ಗುಣ ಬೆರೆತ ಹೊಸ ಜೀವ. ಕರಾವಳಿಯ ಕೆಲವು ಮಾವಿನ ತಳಿಗಳಲ್ಲಿ ಗೊರಟದಿಂದಲೇ ತಾಯಿಯಂತಹ ಸಸಿ ಬರುವುದುಂಟು. ಆಪೂಸ್ ಆ ಗುಂಪಿಗೆ ಸೇರಿದ್ದಲ್ಲ. ಸೇಬಿನ ಬೀಜವೂ ತಾಯಿಯನ್ನು ಹೋಲುವುದಿಲ್ಲ. ಇಂತಹ ಮರದ ಗುಣ ಹಾಗೆಯೇ ಉಳಿಯಬೇಕಾದರೆ ಅದರ ಕಡ್ಡಿಯನ್ನೇ ಇನ್ನೊಂದು ಸಸಿಗೆ ಕೂಡಿಸಬೇಕು. ಇದೇ ಕಸಿ.

ಈ ವಿದ್ಯೆ ಬಹಳ ಹಳೆಯದು. ಕ್ರಿಸ್ತಪೂರ್ವ 2ನೆಯ ಶತಮಾನದಲ್ಲಿ ರೋಮಿನ ಕೇಟೋ ತನ್ನ ಕೃಷಿಗ್ರಂಥದಲ್ಲಿ ಹಣ್ಣಿನ ಮರಗಳಿಗೆ ಕಸಿ ಕಟ್ಟುವ ಕ್ರಮವನ್ನು ಬರೆದಿದ್ದಾನೆ. ನಮ್ಮಲ್ಲಿ 6ನೆಯ ಶತಮಾನದ ವರಾಹಮಿಹಿರನು ‘ಬೃಹತ್ಸಂಹಿತೆ’ಯಲ್ಲಿ ಹಲಸು, ದಾಳಿಂಬೆ, ದ್ರಾಕ್ಷಿ ಮುಂತಾದವುಗಳ ಕಡ್ಡಿಗೆ ಸಗಣಿ ಬಳಿದು, ಬೇರೊಂದು ಗಿಡದ ಬೇರಿಗೆ ಇಲ್ಲವೆ ಕಾಂಡಕ್ಕೆ ಕೂಡಿಸುವುದನ್ನು ಹೇಳುತ್ತಾನೆ. ಕನ್ನಡದಲ್ಲಿಯೂ ಚಾಲುಕ್ಯರ ಕಾಲದ, ಸುಮಾರು 1025ರ ‘ಲೋಕೋಪಕಾರ’ದಲ್ಲಿ ಚಾವುಂಡರಾಯನು ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ.

ಮಾವಿನ ಕಸಿಯ ಕಥೆ ನಮ್ಮ ನೆರೆಯ ಗೋವೆಯದು. 1510ರಲ್ಲಿ ಅಫೊನ್ಸೊ ಡ ಅಲ್ಬುಕರ್ಕ್ ಗೋವೆಯನ್ನು ಗೆದ್ದನು. ಮುಂದೆ ಪೋರ್ಚುಗೀಸರ ತೋಟಗಳಲ್ಲಿ ಆಯ್ದ ಮಾವುಗಳಿಗೆ ಕಸಿ ಕಟ್ಟುವುದು ಬೆಳೆಯಿತು. ‘ಆಪೂಸ್’ ಎಂಬ ಹೆಸರು ಅಲ್ಬುಕರ್ಕನಿಂದಲೇ ಬಂದಿತೆಂಬ ಮಾತು ಪ್ರಚಲಿತವಾಗಿದೆ. ಆದರೆ 17ನೆಯ ಶತಮಾನದಲ್ಲಿ ಭಾರತಕ್ಕೆ ಬಂದ ಇಟಲಿಯ ಮನುಚ್ಚಿ, ಗೋವೆಯ ಉತ್ತಮ ಮಾವುಗಳನ್ನು ಹೆಸರಿಸುವಾಗ ನಿಕುಲಾವ್ ಅಫೊನ್ಸೊ ಎಂಬಾತನ ಹೆಸರಿನ ಹಣ್ಣನ್ನು ಹೇಳಿದ್ದಾನೆ. ಹೆಸರು ದಂಡನಾಯಕನದೋ, ತೋಟದ ಒಡೆಯನದೋ? ಪ್ರಚಲಿತ ಮಾತನ್ನು ದಾಖಲೆಯೊಡನೆ ಹೋಲಿಸಿ ನೋಡಬೇಕೆಂಬ ಪಾಠ ಇಲ್ಲಿದೆ.

ಘಟ್ಟದ ಈಚೆ ನಮ್ಮ ಜಿಲ್ಲೆಯನ್ನು ನೋಡಿರಿ. ನವಲಗುಂದ, ಅಣ್ಣಿಗೇರಿಗಳದು ಹತ್ತಿ ಬೆಳೆಯುವ ಎರೆ ಭೂಮಿ. ಮಲೆನಾಡಿನ ಸೆರಗಿನಲ್ಲಿರುವ ಕಲಘಟಗಿಯಲ್ಲಿ ಮಳೆ ಹೆಚ್ಚು. ನೀರು ಬಸಿಯುವ ಕೆಂಪು ಮಣ್ಣು ಮಾವಿಗೆ ಹಿತ. 1956ರವರೆಗೆ ಧಾರವಾಡ ಜಿಲ್ಲೆ ಮುಂಬಯಿ ಆಡಳಿತದಲ್ಲಿತ್ತು. ಮುಂಬಯಿ ಪೇಟೆಯಲ್ಲಿ ಆಪೂಸಿಗೆ ಎಲ್ಲಕ್ಕಿಂತ ಹೆಚ್ಚಿನ ಮಾನ. ಇಂದು ಇಲ್ಲಿಯ ತೋಟದಲ್ಲಿ ನಿಂತಿರುವ ಆಪೂಸ್ ಮರ, ಎಂದೋ ಅಳಿದುಹೋದ ಒಂದು ಮೂಲ ಮರದ ಮುಂದುವರಿಕೆ. ಕೈಯಿಂದ ಕೈಗೆ, ಕಡ್ಡಿಯಿಂದ ಕಡ್ಡಿಗೆ ಅದು ಬದುಕಿ ಬಂದಿದೆ. ಆ ಕೈಗಳ ಹೆಸರು ಯಾವ ಶಾಸನದಲ್ಲಿಯೂ ಇಲ್ಲ.

ಈ ಕೆಲಸವನ್ನು ನೀವು ಮನೆಯಲ್ಲಿಯೇ ಮಾಡಬಹುದು. ಜವಾರಿ ಗೊರಟದಿಂದ ಎದ್ದ, ಪೆನ್ಸಿಲ್ ದಪ್ಪದ ಸಸಿಯನ್ನು ಆರಿಸಿರಿ. ಬೇಕಾದ ಮರದಲ್ಲಿ ಅಷ್ಟೇ ದಪ್ಪದ ಕಡ್ಡಿಯನ್ನು ಗುರುತಿಸಿ, ವಾರ ಹತ್ತು ದಿನ ಮೊದಲೇ ಅದರ ಎಲೆಗಳನ್ನು ತೆಗೆಯಿರಿ. ತುದಿಯ ಮೊಗ್ಗು ಉಬ್ಬುತ್ತದೆ. ಮಳೆಗಾಲದಲ್ಲಿ ಸಸಿಯ ತಲೆ ಕತ್ತರಿಸಿ, ನಡುವೆ ಸೀಳಿರಿ. ಕಡ್ಡಿಯ ಬುಡವನ್ನು ಬೆಣೆಯಂತೆ ಎರಡೂ ಕಡೆ ಹೆರೆದು ಆ ಸೀಳಿನಲ್ಲಿ ಕೂಡಿಸಿರಿ. ತೊಗಟೆಯ ಒಳಗಿನ ಹಸಿರು ಪದರಕ್ಕೆ ಪದರ ಕೂಡಲೇಬೇಕು. ಗಾಯ ಬೆಸೆಯುವುದು ಅಲ್ಲಿಯೇ. ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತಿ, ಕಡ್ಡಿ ಒಣಗದಂತೆ ಮೇಲೊಂದು ಪ್ಲಾಸ್ಟಿಕ್ ಚೀಲ ಹೊದಿಸಿ, ನೆರಳಿನಲ್ಲಿಡಿರಿ. ಕೆಲವು ವಾರಗಳಲ್ಲಿ ಚಿಗುರು ಕಂಡರೆ ಕಸಿ ಹಿಡಿದಂತೆ.

ಆದರೆ ಆಪೂಸಿಗೆ ಕಸಿಗಾರರ ಕೊರತೆಯಿಲ್ಲ. ನಿಮ್ಮೂರಿನ ಹೊಲದ ಬದುವಿನಲ್ಲಿ, ಹಿತ್ತಲಿನಲ್ಲಿ ಗೊರಟದಿಂದ ಬೆಳೆದ ಜವಾರಿ ಮರಗಳಿವೆಯಲ್ಲ, ಅವುಗಳ ಸಂಗತಿ ಬೇರೆ. ಉಪ್ಪಿನಕಾಯಿಗೆ ಒಂದು, ಶೀಕರಣೆಗೆ ಒಂದು ಎಂದು ಹಿರಿಯರು ಗುರುತಿಟ್ಟ ಮರಗಳು ಅವು. ಪ್ರತಿಯೊಂದೂ ಲೋಕದಲ್ಲಿ ಒಂಟಿ. ರಸ್ತೆಗೋ ಕಟ್ಟಿಗೆಗೋ ಅದನ್ನು ಕಡಿದರೆ ಆ ರುಚಿ ಮರಳಿ ಬಾರದು.

ಆಸ್ಟ್ರೇಲಿಯಾದಲ್ಲಿ ಸುಮಾರು 1868ರಲ್ಲಿ ಮರಿಯಾ ಆನ್ ಸ್ಮಿತ್ ಎಂಬ ವೃದ್ಧೆಯ ತೋಟದಲ್ಲಿ ಸೇಬಿನ ಸಸಿಯೊಂದು ತಾನಾಗಿ ಹುಟ್ಟಿತು. ಆಕೆ ಅದನ್ನು ಕೀಳಲಿಲ್ಲ. ಅದರ ಕಡ್ಡಿಗಳಿಂದ ಕಸಿಗಳಾದವು. ಇಂದು ನಮ್ಮ ಪೇಟೆಗೂ ಬರುವ ಹಸಿರು ‘ಗ್ರಾನಿ ಸ್ಮಿತ್’ ಸೇಬು ಅದೇ. ಗ್ರಾನಿ ಎಂದರೆ ಅಜ್ಜಿ.

ನಿಮ್ಮ ಅಜ್ಜಿಯ ಹಿತ್ತಲಿನಲ್ಲಿ ಯಾವ ಮರವಿದೆ? ಅದನ್ನು ಯಾರು ನೆಟ್ಟರೆಂದು ಕೇಳಿ ಬರೆದುಕೊಳ್ಳಿರಿ. ಬರುವ ಮಳೆಗಾಲದಲ್ಲಿ ಅದರ ಒಂದು ಕಡ್ಡಿಗೆ ಕಸಿ ಕಟ್ಟಿರಿ.