ತೆರೆಯ ಹಿಂದೊಂದು ತೆರೆ

ಆಟ ನೋಡಲು ಹೋದವನಿಗೆ ಆಟದಷ್ಟೇ ಕುತೂಹಲವನ್ನು ಹುಟ್ಟಿಸುವುದು ಆಟ ಸಿದ್ಧವಾಗುವ ಸ್ಥಳ. ದೊಡ್ಡಾಟ, ಸಣ್ಣಾಟಗಳು ನಡೆಯುವ ಊರುಗಳಲ್ಲಿ ಬೆಳೆದವರೆಲ್ಲ ಬಲ್ಲ ಸಂಗತಿ ಇದು. ಬಣ್ಣ ಹಚ್ಚಿಕೊಳ್ಳುವ ಕೋಣೆಯ ಕಿಂಡಿಯಲ್ಲಿ ಇಣುಕುವ ಹುಡುಗರನ್ನು ಎಷ್ಟು ಸಲ ಗದರಿಸಿ ಓಡಿಸಿದರೂ ಅವರು ಮತ್ತೆ ಬರುತ್ತಾರೆ. ರಾವಣನು ಬೀಡಿ ಸೇದುತ್ತ ಕುಳಿತಿರುವುದನ್ನೂ ದ್ರೌಪದಿಯು ಗಡ್ಡ ಬೋಳಿಸಿಕೊಳ್ಳುತ್ತಿರುವುದನ್ನೂ ಕಣ್ಣಾರೆ ಕಂಡು ಬಂದ ಹುಡುಗನಿಗೆ ಆ ರಾತ್ರಿಯ ಮಟ್ಟಿಗೆ ಗೆಳೆಯರ ಗುಂಪಿನಲ್ಲಿ ದೊಡ್ಡ ಸ್ಥಾನ. ಸೋಜಿಗವೆಂದರೆ, ಇಷ್ಟೆಲ್ಲ ತಿಳಿದ ಮೇಲೂ ರಾವಣನ ಆರ್ಭಟಕ್ಕೆ ಅವನು ಹೆದರುವುದೇನೂ ಕಡಿಮೆಯಾಗುವುದಿಲ್ಲ.

ಈ ಇಣುಕುವಿಕೆ ನಿಷಿದ್ಧವಾಗಿತ್ತು, ಹಾಗೆಯೇ ಪುಕ್ಕಟೆಯೂ ಆಗಿತ್ತು. ಅದಕ್ಕೊಂದು ಬೆಲೆ ಕಟ್ಟಿ, ಟಿಕೀಟು ಹರಿದು ಕೊಟ್ಟು, ಮಾರ್ಗದರ್ಶಿಯನ್ನು ನೇಮಿಸಿ, 'ಬನ್ನಿ, ತೆರೆಯ ಹಿಂದೆ ಏನಿದೆ ನೋಡಿ' ಎಂದು ಕರೆದದ್ದು ಚಲನಚಿತ್ರ ಉದ್ಯಮ. ಹೀಗೆ ಕರೆಸಿಕೊಂಡು ಹೋದವರು ನಿಜವಾಗಿ ತೆರೆಯ ಹಿಂದಕ್ಕೆ ಹೋಗುತ್ತಾರೆಯೆ ಎಂಬುದು ಈ ಭಾಷಣದ ಪ್ರಶ್ನೆ.

ಈ ವಾಡಿಕೆ ಆರಂಭವಾದದ್ದು ಅಮೆರಿಕದಲ್ಲಿ. ೧೯೧೫ರ ಮಾರ್ಚ್ ೧೫ರಂದು ಕಾರ್ಲ್ ಲೆಮ್ಲೆ ಎಂಬ ನಿರ್ಮಾಪಕನು ಲಾಸ್ ಏಂಜಲೀಸ್ ಬಳಿ ಯೂನಿವರ್ಸಲ್ ಸಿಟಿ ಎಂಬ ಚಿತ್ರನಗರವನ್ನು ತೆರೆದನು. ಇಪ್ಪತ್ತೈದು ಸೆಂಟು ಕೊಟ್ಟವರು ಅಲ್ಲಿ ಹಾಕಿದ್ದ ಮೆಟ್ಟಿಲು ಆಸನಗಳ ಮೇಲೆ ಕುಳಿತು ಚಿತ್ರೀಕರಣವನ್ನು ನೋಡಬಹುದಾಗಿತ್ತು. ಊಟದ ಪೊಟ್ಟಣವೂ ಆ ದುಡ್ಡಿನಲ್ಲಿಯೇ ಸೇರಿತ್ತು. ಅದು ಮೂಕಚಿತ್ರಗಳ ಕಾಲ. ನೋಡುವವರು ಚಪ್ಪಾಳೆ ತಟ್ಟಿದರೂ ಖಳನಾಯಕನನ್ನು ಕೂಗಿ ಬೈದರೂ ಕ್ಯಾಮೆರಾಕ್ಕೆ ಅದರಿಂದ ಯಾವ ಬಾಧಕವೂ ಇರಲಿಲ್ಲ. ಹತ್ತು ಹನ್ನೆರಡು ವರ್ಷಗಳ ತರುವಾಯ ಚಿತ್ರಕ್ಕೆ ಮಾತು ಬಂತು. ಮಾತು ಬಂದೊಡನೆ ಪ್ರೇಕ್ಷಕನು ಮೌನವಾಗಬೇಕಾಯಿತು; ಮೌನವಾಗಿರುವುದು ಅವನಿಂದ ಸಾಧ್ಯವಿಲ್ಲವಾದುದರಿಂದ ಅವನನ್ನು ಹೊರಗಟ್ಟಲಾಯಿತು. ಸ್ಟುಡಿಯೋದ ಬಾಗಿಲು ಮುಚ್ಚಿತು. ಗೋಡೆಗಳು ದಪ್ಪವಾದವು, ಕಿಟಕಿಗಳು ಮಾಯವಾದವು. ಸಾರ್ವಜನಿಕರ ಪ್ರವಾಸವನ್ನು ಅದೇ ಸಂಸ್ಥೆ ಮತ್ತೆ ಆರಂಭಿಸಿದ್ದು ೧೯೬೪ರಲ್ಲಿ. ಆದರೆ ಈ ಸಲ ಅದು ಮೊದಲಿನಂತೆ ಕೆಲಸದ ಎದುರು ಕುಳಿತು ನೋಡುವುದಾಗಿರಲಿಲ್ಲ. ಸಾಲು ಬಂಡಿಯಲ್ಲಿ ಕುಳಿತು ಗೊತ್ತುಮಾಡಿದ ದಾರಿಯಲ್ಲಿ ಸಾಗುವುದಾಗಿತ್ತು. ಇಂದು ಜಗತ್ತಿನ ಹಲವು ಚಿತ್ರನಗರಗಳ ಪ್ರವಾಸಕ್ಕೆ ಇದೇ ಮಾದರಿ.

ಮಾತು ನಮ್ಮ ಚಿತ್ರಗಳಿಗೂ ಹೀಗೆಯೇ ಒಂದು ಇಕ್ಕಟ್ಟನ್ನು ತಂದಿತು. ೧೯೩೦ರ ಆಸುಪಾಸಿನಲ್ಲಿ ಬೆಂಗಳೂರಿನ ಸೂರ್ಯ ಫಿಲ್ಮ್ ಕಂಪನಿ ಮೂಕಚಿತ್ರಗಳನ್ನು ತಯಾರಿಸುತ್ತಿತ್ತು. ಬಯಲು, ಬಿಸಿಲು, ಒಂದು ಕ್ಯಾಮೆರಾ ಇದ್ದರೆ ಸಾಕಾಗಿದ್ದ ಕಾಲ ಅದು. ವಾಕ್ಚಿತ್ರಕ್ಕೆ ಬೇಕಾದ ಸಲಕರಣೆ ಮಾತ್ರ ಇಲ್ಲಿರಲಿಲ್ಲ. ಆದ್ದರಿಂದ ಕನ್ನಡದ ಮೊದಲ ವಾಕ್ಚಿತ್ರವಾದ 'ಸತಿ ಸುಲೋಚನ'ವನ್ನು ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ ತಯಾರಿಸಬೇಕಾಯಿತು. ವೈ. ವಿ. ರಾವ್ ನಿರ್ದೇಶಿಸಿ, ಬೆಳ್ಳಾವೆ ನರಹರಿಶಾಸ್ತ್ರಿಗಳು ಮಾತು ಹಾಡುಗಳನ್ನು ಬರೆದ ಆ ಚಿತ್ರ ೧೯೩೪ರ ಮಾರ್ಚ್ ೩ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಮುಂದೆಯೂ ಬಹುಕಾಲ ಕನ್ನಡದ ನಟರು ಮದರಾಸಿನ ಸ್ಟುಡಿಯೋಗಳಲ್ಲಿ ರಾತ್ರಿಯ ಪಾಳಿಗಾಗಿ ಕಾದು ಕುಳಿತು ದುಡಿದರು. ಮೈಸೂರಿನಲ್ಲಿ ನವಜ್ಯೋತಿ, ಅನಂತರ ಐವತ್ತರ ದಶಕದಲ್ಲಿ ಎಂ. ಎನ್. ಬಸವರಾಜಯ್ಯನವರ ಪ್ರೀಮಿಯರ್ ಸ್ಟುಡಿಯೋ, ೧೯೬೬ರಲ್ಲಿ ಬೆಂಗಳೂರಿನ ಶ್ರೀ ಕಂಠೀರವ ಸ್ಟುಡಿಯೋ, ಹೀಗೆ ಒಂದೊಂದಾಗಿ ನಮ್ಮ ನೆಲದಲ್ಲಿಯೇ ಚಾವಣಿಗಳು ಎದ್ದವು. ಕನ್ನಡ ಪ್ರೇಕ್ಷಕನಿಗೆ ತನ್ನ ಚಿತ್ರದ ಹಿಂಬದಿ ಎಂಬುದು ಬಹಳ ವರ್ಷಗಳವರೆಗೆ ಪರಊರಿನ ಮಾತಾಗಿತ್ತು.

ದಂಡೋತಿಯವನಾದ ನನಗೆ ಇದರಲ್ಲಿ ಇನ್ನೊಂದು ತಿರುವು ಉಂಟು. ಕಾಗಿಣಾ ನದಿಯ ದಡದ ಈ ಊರಿನವರಿಗೆ ಮೈಸೂರು ಬೆಂಗಳೂರುಗಳು ದೂರ, ಹೈದರಾಬಾದು ಹತ್ತಿರ. ವಾಡಿಯಿಂದ ಚಿತ್ತಾಪುರ, ಸೇಡಂಗಳ ಮೇಲೆ ಹಾದು ಸಿಕಂದರಾಬಾದಿಗೆ ಹೋಗುವ ರೈಲು ದಾರಿ ನಿಜಾಮರ ಕಾಲದಲ್ಲಿ, ೧೮೭೪ರಲ್ಲಿ, ಆರಂಭವಾದದ್ದು. ೧೯೫೬ರ ನವೆಂಬರ್ ೧ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಆದರೆ ಸಂತೆಗೆ, ಆಸ್ಪತ್ರೆಗೆ, ಕೂಲಿಗೆ ಹೋಗುವವರ ದಾರಿ ಬದಲಾಗಲಿಲ್ಲ. ಆದಕಾರಣ ಚಿತ್ರನಗರವನ್ನು ನೋಡಬೇಕೆಂದು ನಮ್ಮಲ್ಲಿ ಕೆಲವರು ಹೊರಟಾಗ ರೈಲು ಹತ್ತಿದ್ದು ಹೈದರಾಬಾದಿನ ಕಡೆಗೆ.

ಹೈದರಾಬಾದಿನಿಂದ ವಿಜಯವಾಡದ ಹಾದಿಯಲ್ಲಿರುವ ರಾಮೋಜಿ ಫಿಲ್ಮ್ ಸಿಟಿ ೧೯೯೬ರಲ್ಲಿ ಆರಂಭವಾಯಿತು. ಪತ್ರಿಕೋದ್ಯಮಿ ರಾಮೋಜಿ ರಾವ್ ಅದರ ಸ್ಥಾಪಕರು. ಅವರು ೨೦೨೪ರಲ್ಲಿ ತೀರಿಕೊಂಡರು. ೧೬೬೬ ಎಕರೆಗಳ ಈ ಆವರಣವು ಜಗತ್ತಿನಲ್ಲಿಯೇ ಅತಿ ದೊಡ್ಡ ಚಿತ್ರನಿರ್ಮಾಣ ಸ್ಥಳವೆಂದು ಗಿನ್ನೆಸ್ ದಾಖಲೆಯಲ್ಲಿ ಸೇರಿದೆ. ಕನ್ನಡವೂ ಸೇರಿ ಹಲವು ಭಾಷೆಗಳ ಚಿತ್ರಗಳು ಅಲ್ಲಿ ತಯಾರಾಗುತ್ತವೆ. ಪಕ್ಕಗಳು ತೆರೆದಿರುವ ಕೆಂಪು ಬಸ್ಸಿನಲ್ಲಿ ಪ್ರವಾಸಿಗಳನ್ನು ಕೂರಿಸಿಕೊಂಡು ಒಬ್ಬ ಮಾರ್ಗದರ್ಶಿ ಹಿಂದಿಯಲ್ಲಿಯೂ ತೆಲುಗಿನಲ್ಲಿಯೂ ವಿವರಿಸುತ್ತ ಹೋಗುತ್ತಾನೆ. ಒಂದೇ ಕಟ್ಟಡ ಒಂದು ಮಗ್ಗುಲಿನಿಂದ ವಿಮಾನ ನಿಲ್ದಾಣ. ಬಸ್ಸು ತಿರುಗಿದೊಡನೆ ಅದು ಆಸ್ಪತ್ರೆ. ರೈಲು ನಿಲ್ದಾಣವುಂಟು, ಅಲ್ಲಿಂದ ಯಾವ ಊರಿಗೂ ರೈಲು ಹೊರಡುವುದಿಲ್ಲ. ವಿದೇಶದ ಬೀದಿಯುಂಟು, ಮನೆಗಳ ಬಾಗಿಲು ತೆರೆದರೆ ಒಳಗೆ ಮನೆಯಿಲ್ಲ. ೨೦೧೫ ಮತ್ತು ೨೦೧೭ರಲ್ಲಿ ಎರಡು ಭಾಗಗಳಾಗಿ ಬಂದ 'ಬಾಹುಬಲಿ' ಚಿತ್ರಕ್ಕಾಗಿ ಸಾಬು ಸಿರಿಲ್ ಅವರ ಕಲಾನಿರ್ದೇಶನದಲ್ಲಿ ಕಟ್ಟಿದ ಮಾಹಿಷ್ಮತಿಯ ಅರಮನೆಯ ಭಾಗಗಳನ್ನು ಪ್ರವಾಸಿಗಳಿಗಾಗಿ ಹಾಗೆಯೇ ಉಳಿಸಿಕೊಂಡಿದ್ದಾರೆ.

ನಮ್ಮ ಜೊತೆಗೆ ಬಂದಿದ್ದವರಲ್ಲಿ ಒಬ್ಬರು ವೃದ್ಧರು. ಪ್ರಾಯದಲ್ಲಿ ಚಿತ್ತಾಪುರ, ಶಹಾಬಾದುಗಳ ಕಲ್ಲಿನ ಗಣಿಗಳಲ್ಲಿ ದುಡಿದವರು. ನಮ್ಮ ಭಾಗದ ಮನೆಗಳಲ್ಲಿ ನೆಲಕ್ಕೂ ಗೋಡೆಗೂ ಅದೇ ಶಹಾಬಾದ್ ಕಲ್ಲು. ಕಲ್ಲಿನ ಗುಣವನ್ನು ಕಣ್ಣಿಗಿಂತ ಮೊದಲು ಬೆರಳ ಗೆಣ್ಣಿನಿಂದ ಬಲ್ಲವರು ಅವರು. ಮಾಹಿಷ್ಮತಿಯ ಒಂದು ಭಾರಿ ಕಂಬವನ್ನು ತಟ್ಟಿ ನೋಡಿ, "ಇದು ಕಲ್ಲಲ್ರಿ ಸರ, ಒಳಗ ಪೊಳ್ಳದ" ಎಂದರು.

"ಹೌದು ಕಾಕಾ, ಇದೆಲ್ಲ ಪ್ಲಾಸ್ಟರು, ನಾರು, ಹಲಗಿ" ಎಂದೆ.

"ಮತ್ತ ಒಂದ್ ಮಳಿಗಾಲ ತಡೀತದೇನ್, ಕೇಳ್ರಿ ಅವಗ."

ಮಾರ್ಗದರ್ಶಿಗೆ ಇದನ್ನು ಹಿಂದಿಯಲ್ಲಿ ಹೇಳಿದಾಗ ಅವನು ನಕ್ಕ. ಚಿತ್ರೀಕರಣ ಮುಗಿಯುವ ತನಕ ನಿಂತರೆ ಸಾಕಾಗಿತ್ತು, ಈಗ ನಿಮ್ಮಂಥವರಿಗಾಗಿ ನಿಲ್ಲಿಸಿದ್ದೇವೆ, ಆಗಾಗ ಬಣ್ಣ ಬಳಿಯುತ್ತೇವೆ ಎಂದ. ಕಾಕಾ ಕಂಬವನ್ನು ಸುತ್ತಿ ಹಿಂದಕ್ಕೆ ಹೋದರು. ಅಲ್ಲಿ ಅಡ್ಡಪಟ್ಟಿಗಳು, ಮೊಳೆಗಳು, ಕಟ್ಟಿದ ಹಗ್ಗ. ಬಹಳ ಹೊತ್ತು ಅದನ್ನೇ ನೋಡಿ, "ಕೆಲಸ ಮಾಡ್ದಾಂವ ಶಾಣ್ಯಾ ಇದ್ದಾನ" ಎಂದರು. ಇಡೀ ದಿನದಲ್ಲಿ ಆ ಕಂಬದ ಎದುರಿನಿಂದ ಸರಿದು, ಅದನ್ನು ಮಾಡಿದವನನ್ನು ನೆನೆದವರು ಅವರೊಬ್ಬರೇ.

ಅದೇ ಆವರಣದಲ್ಲಿ ಚಿತ್ರತಂತ್ರವನ್ನು ವಿವರಿಸುವ ಪ್ರದರ್ಶನವೊಂದುಂಟು. ಪ್ರೇಕ್ಷಕರಲ್ಲಿಯೇ ಒಬ್ಬ ಹೆಣ್ಣುಮಗಳನ್ನು ಕರೆದು ಕುದುರೆಯಿಲ್ಲದ ಟಾಂಗಾದಲ್ಲಿ ಕೂರಿಸಿ, ಬೇರೆ ಕೆಲವರಿಂದ ಗೊರಸಿನ ಸದ್ದು ಮಾಡಿಸಿ, ಕೊನೆಗೆ ಎಲ್ಲವನ್ನೂ ಜೋಡಿಸಿ 'ಶೋಲೆ' ಚಿತ್ರದ ಬಸಂತಿಯ ಓಟವನ್ನು ಪರದೆಯ ಮೇಲೆ ತೋರಿಸುತ್ತಾರೆ. ಜನ ಆನಂದಿಸುತ್ತಾರೆ, ನಾನೂ ಆನಂದಿಸಿದೆ. ಆದರೆ ೧೯೭೫ರಲ್ಲಿ ಬಿಡುಗಡೆಯಾದ ಆ ಚಿತ್ರದ ಬಹುಭಾಗ ತಯಾರಾದದ್ದು ನಮ್ಮ ರಾಮನಗರದ ಬಂಡೆಗಳ ನಡುವೆ. ಚಿತ್ರದ ರಾಮಗಢ ಎಂಬ ಹಳ್ಳಿಯನ್ನು ಆ ಬೆಟ್ಟದ ಬುಡದಲ್ಲಿ ಕಟ್ಟಿದ್ದರು. ಬಂಡೆ ನಿಜವಾಗಿತ್ತು, ಬಿಸಿಲು ನಿಜವಾಗಿತ್ತು. ಇತ್ತ ಕನ್ನಡದಲ್ಲಿ ಸ್ಟುಡಿಯೋವನ್ನು ಬಿಟ್ಟು ಹೊರಟವರೂ ಇದ್ದರು. ೧೯೭೦ರ 'ಸಂಸ್ಕಾರ' ಚಿತ್ರದವರು ಶೃಂಗೇರಿಯ ಸಮೀಪದ ವೈಕುಂಠಪುರದಲ್ಲಿ ಜನ ಬಾಳುತ್ತಿದ್ದ ಊರನ್ನೇ ರಂಗಸ್ಥಳವನ್ನಾಗಿ ಮಾಡಿಕೊಂಡರು. ಹೊರಾಂಗಣದಲ್ಲಿ ದುಡಿಯುವವರನ್ನು ಊರವರು ಕಾಣುತ್ತಿದ್ದರು, ಅವರಿಗೆ ನೀರು ಕೊಡುತ್ತಿದ್ದರು. ಗೋಡೆಯ ಒಳಗೆ ದುಡಿಯುವವರನ್ನು ಕಾಣುವವರು ಯಾರು?

ಪ್ರವಾಸ ನಮ್ಮನ್ನು ಕರೆದೊಯ್ಯದ ಸ್ಥಳವೆಂದರೆ ಕೆಲಸ ನಡೆಯುತ್ತಿರುವ ಚಿತ್ರೀಕರಣದ ಅಂತಸ್ತು. ಕಾರಣ ಸಮಂಜಸವಾದದ್ದೇ, ಲೆಮ್ಲೆಯ ಕಾಲದಿಂದ ಬಂದ ಕಾರಣವದು. ಆದರೆ ಸ್ಟುಡಿಯೋ ಎಂಬುದರ ನಿಜವಾದ ಹಿಂಬದಿ ಅದೇ. ಹೊರಗಿನ ಸದ್ದು ಒಳಕ್ಕೆ ಬಾರದಂತೆ ಬಾಗಿಲುಗಳನ್ನು ಮುಚ್ಚುತ್ತಾರೆ, ಪಂಖಗಳನ್ನು ನಿಲ್ಲಿಸುತ್ತಾರೆ. ಚಾವಣಿಯ ಕೆಳಗೆ ತೂಗುವ ಇಕ್ಕಟ್ಟಾದ ಅಟ್ಟಗಳ ಮೇಲೆ ದೀಪ ನೋಡಿಕೊಳ್ಳುವ ಹುಡುಗರು ಕುಳಿತಿರುತ್ತಾರೆ. ಬಿಸಿ ಗಾಳಿ ಮೇಲಕ್ಕೇರುವುದರಿಂದ ನಟನಿಗಿಂತ ಹೆಚ್ಚು ಬೇಯುವವರು ಅವರು. ಕೆಳಗೆ ಮರ, ಬಟ್ಟೆ, ಬಣ್ಣ, ತಂತಿ. ಹಳೆಯ ಸ್ಟುಡಿಯೋಗಳಲ್ಲಿ ಸದ್ದನ್ನು ಹೀರಲೆಂದು ಗೋಡೆಗಳಿಗೆ ಗೋಣಿತಟ್ಟು ಹೊದಿಸುವ ರೂಢಿಯೂ ಇತ್ತು. ಚಿತ್ರಕ್ಕೆ ಮಾತು ಬಂದುದರ ಬೆಲೆಯನ್ನು ಪ್ರೇಕ್ಷಕನು ಹೊರಗುಳಿದು ತೆತ್ತ. ಕೆಲಸಗಾರನು ಒಳಗುಳಿದು ತೆತ್ತ.

ಈ ಮಾತು ಅಲಂಕಾರಕ್ಕಾಗಿ ಹೇಳಿದ್ದಲ್ಲ. ೧೯೮೯ರ ಫೆಬ್ರುವರಿ ೮ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ 'ದ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್' ಎಂಬ ದೂರದರ್ಶನ ಧಾರಾವಾಹಿಯ ಚಿತ್ರೀಕರಣ ನಡೆಯುತ್ತಿದ್ದಾಗ ಬೆಂಕಿ ಹೊತ್ತಿಕೊಂಡಿತು. ಸಡಿಲವಾದ ತಂತಿಗಳು, ಗಾಳಿಕಿಂಡಿಗಳಿಲ್ಲದ ಒಳಾಂಗಣ, ಗೋಡೆಗಳ ಮೇಲಿದ್ದ ಗೋಣಿತಟ್ಟು ಇವು ಅನಾಹುತಕ್ಕೆ ಕಾರಣವಾದವೆಂದು ವರದಿಗಳು ಹೇಳಿದವು. ಅರವತ್ತೆರಡು ಜನ ಸತ್ತರು. ನಿರ್ದೇಶಕನೂ ನಾಯಕನಟನೂ ಆಗಿದ್ದ ಸಂಜಯ್ ಖಾನ್ ತೀವ್ರವಾಗಿ ಸುಟ್ಟ ಗಾಯಗಳಿಂದ ಬಳಲಿ, ಹತ್ತಾರು ಶಸ್ತ್ರಚಿಕಿತ್ಸೆಗಳ ತರುವಾಯ ಬದುಕಿ ಬಂದರು. ಧಾರಾವಾಹಿ ಪೂರ್ಣಗೊಂಡು ದೂರದರ್ಶನದಲ್ಲಿ ಪ್ರಸಾರವಾಯಿತು. ಮನೆಮನೆಗಳಲ್ಲಿ ಜನ ಅದನ್ನು ನೋಡಿದರು, ಮೆಚ್ಚಿದರು. ಅರವತ್ತೆರಡು ಎಂಬ ಅಂಕೆ ಉಳಿಯಿತು. ಆ ಹೆಸರುಗಳನ್ನು ಇಂದು ಯಾರ ಬಾಯಿಂದಲೂ ಕೇಳುವುದಿಲ್ಲ. ಪ್ರೀಮಿಯರ್ ಸ್ಟುಡಿಯೋ ಕೂಡ ಈಗ ಇಲ್ಲ.

ಬೆಂಗಳೂರಿನ ಕಂಠೀರವ ಸ್ಟುಡಿಯೋಕ್ಕೆ ಇಂದು ದಿನವೂ ಜನ ಬರುತ್ತಾರೆ. ಅವರು ಬರುವುದು ಚಿತ್ರೀಕರಣವನ್ನು ನೋಡಲಿಕ್ಕಲ್ಲ, ೨೦೦೬ರಲ್ಲಿ ತೀರಿಕೊಂಡ ರಾಜ್‌ಕುಮಾರ್ ಅವರ ಸಮಾಧಿಗೆ, ೨೦೨೧ರಲ್ಲಿ ತೀರಿಕೊಂಡ ಪುನೀತ್ ಅವರ ಸಮಾಧಿಗೆ ಹೂವಿಡಲಿಕ್ಕೆ. ಟಿಕೀಟಿಲ್ಲ, ಮಾರ್ಗದರ್ಶಿಯಿಲ್ಲ. ದುಡಿದ ಸ್ಥಳದಲ್ಲಿಯೇ ದುಡಿದವರನ್ನು ನೆನೆಯುವ ಈ ಪದ್ಧತಿಯಲ್ಲಿ ಒಂದು ಔಚಿತ್ಯವಿದೆ. ನಾಯಕರಿಗೆ ಸಲ್ಲುವ ಈ ನೆನಪಿನ ಒಂದಂಶವಾದರೂ ಅಟ್ಟದ ಮೇಲೆ ಕುಳಿತವನಿಗೆ, ಪೊಳ್ಳು ಕಂಬವನ್ನು ಕಲ್ಲಾಗಿಸಿದವನಿಗೆ ಸಲ್ಲಬಾರದೆ?

ಹೀಗೆ ಕೇಳುವುದು ನಮ್ಮ ಸಂಪ್ರದಾಯಕ್ಕೆ ಹೊರಗಿನ ಮಾತೂ ಅಲ್ಲ. ಸಿಕಂದರಾಬಾದಿನ ರೈಲು ಚಿತ್ತಾಪುರ ದಾಟಿದ ಮೇಲೆ ಮಳಖೇಡ ರೋಡ್ ಎಂಬ ಸಣ್ಣ ನಿಲ್ದಾಣ ಬರುತ್ತದೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟಕ್ಕೆ ಇಳಿಯಬೇಕಾದದ್ದು ಅಲ್ಲಿ. ನೃಪತುಂಗನ ಆಸ್ಥಾನವಿದ್ದ, 'ಕವಿರಾಜಮಾರ್ಗ' ಹುಟ್ಟಿದ ಆ ಊರಿನ ಕೋಟೆಯನ್ನು ನೋಡಲೆಂದು ಇಳಿಯುವವರು ವಿರಳ. ಕಲ್ಪನೆಯ ಮಾಹಿಷ್ಮತಿಗೆ ಹೋಗಿಬರುವವರು ಅಗಣಿತ. ಇದಕ್ಕಾಗಿ ಜನರನ್ನು ಹಳಿಯಬೇಕಾದ್ದಿಲ್ಲ. ಕತೆ ಹೇಳುವವರು ಇರುವ ಕಡೆಗೆ ಜನ ಹೋಗುತ್ತಾರೆ. ನಾನು ಹೇಳಬೇಕೆಂದಿರುವುದು ಬೇರೆ. ಕನ್ನಡ ನಾಡಿನ ಎಷ್ಟೋ ಶಾಸನಗಳು ರಾಜನ ಬಿರುದಾವಳಿಯಿಂದ ಆರಂಭವಾಗಿ, ಕೊನೆಯಲ್ಲಿ ಅದನ್ನು ಕಂಡರಿಸಿದ ರೂವಾರಿಯ ಹೆಸರನ್ನೂ ಹೇಳಿ ಮುಗಿಯುತ್ತವೆ. ಹೊಯ್ಸಳ ದೇವಾಲಯಗಳಲ್ಲಿ ಮಲ್ಲಿತಮ್ಮನಂಥ ಶಿಲ್ಪಿಗಳು ತಾವು ಕಡೆದ ಮೂರ್ತಿಗಳ ಪೀಠದ ಮೇಲೆ ತಮ್ಮ ಹೆಸರನ್ನು ಕೆತ್ತಿಕೊಂಡಿದ್ದಾರೆ. ಮಾಡಿದವನ ಹೆಸರು ಮಾಡಿದ್ದರ ಮೇಲಿರಬೇಕು ಎಂಬ ತಿಳಿವಳಿಕೆ ನಮಗೆ ಸಾವಿರ ವರ್ಷಗಳ ಹಿಂದೆಯೇ ಇತ್ತು.

ಸ್ಟುಡಿಯೋ ಪ್ರವಾಸ ಮೋಸವೆಂದು ನಾನು ಹೇಳಲಾರೆ. ಅದು ತೋರಿಸುವ ಹಿಂಬದಿಯೂ ಒಂದು ಮುಂಬದಿಯೇ ಎಂಬುದನ್ನು ತಿಳಿದು ನೋಡಿದರೆ ಅದರಿಂದ ಸಂತೋಷಕ್ಕೆ ಕೊರತೆಯಿಲ್ಲ. ಬಣ್ಣದ ಕೋಣೆಯಲ್ಲಿ ಇಣುಕಿದ ಹುಡುಗನಿಗೂ ಆಟದ ಸುಖ ತಪ್ಪಿರಲಿಲ್ಲವಷ್ಟೆ. ಆದರೆ ಆ ಬಸ್ಸಿನ ಮಾರ್ಗದರ್ಶಿ ಒಂದು ಕಂಬದ ಮುಂದೆಯಾದರೂ ನಿಂತು, ಇದನ್ನು ಮಾಡಿದವರು ಇಂಥವರು, ಇಂಥ ಊರಿನವರು, ಇಷ್ಟು ದಿನ ದುಡಿದರು ಎಂದು ಹೇಳುವಂತಾಗಬೇಕು. ಮೈಸೂರಿನಲ್ಲಿ ಆ ಅರವತ್ತೆರಡು ಹೆಸರುಗಳನ್ನು ಹೊತ್ತ ಒಂದು ಕಲ್ಲು ನಿಲ್ಲಬೇಕು. ಅದಕ್ಕೆ ಬೇಕಾದ ಗಟ್ಟಿ ಕಲ್ಲು ನಮ್ಮ ಕಾಗಿಣಾ ದಂಡೆಯಲ್ಲಿ ಧಾರಾಳವಾಗಿದೆ.