ಹೊಗೆಯಲ್ಲಿ ಹುಟ್ಟಿದ ಹಳದಿ ದೀಪ

ಹಳೇ ಕಾರು ಇಟ್ಟುಕೊಂಡವರಿಗೆಲ್ಲ ಈ ದೀಪ ಗೊತ್ತು. ಸ್ಪೀಡೋಮೀಟರ್ ಪಕ್ಕ ಇಂಜಿನ್ ಆಕಾರದ ಪುಟ್ಟ ಹಳದಿ ಚಿತ್ರ. ಗ್ಯಾರೇಜಿನ ಮಿಸ್ತ್ರಿ ಸ್ಕ್ಯಾನರ್ ಚುಚ್ಚಿ ಆರಿಸಿ ಕೊಡುತ್ತಾನೆ, ನಾಲ್ಕು ದಿನಕ್ಕೆ ಮತ್ತೆ ಹಾಜರು. ಕಾರೇನೋ ಚೆನ್ನಾಗಿಯೇ ಓಡುತ್ತಿರುತ್ತದೆ. ಹಾಗಾದರೆ ಇದಕ್ಕೇನು ರೋಗ?

ಅದನ್ನು ತಿಳಿಯಲು ಲಾಸ್ ಏಂಜಲೀಸಿಗೆ ಹೋಗಬೇಕು. 1943ರ ಜುಲೈಯಲ್ಲಿ ಆ ಊರಿನ ಮೇಲೆ ಕಣ್ಣುರಿಸುವ ಹೊಗೆ ಕವಿಯಿತು. ಯುದ್ಧದ ಕಾಲ ನೋಡಿ, ಜಪಾನಿನವರು ವಿಷಾನಿಲ ಬಿಟ್ಟರು ಅಂತ ಜನ ಗಾಬರಿಬಿದ್ದರು. ಕೆಲವು ವರ್ಷಗಳ ಮೇಲೆ ನಿಜವಾದ ಕಳ್ಳನನ್ನು ಹಿಡಿದದ್ದು ಕ್ಯಾಲ್‌ಟೆಕ್‌ನ ರಸಾಯನಶಾಸ್ತ್ರಜ್ಞ ಆರೀ ಹಾಗೆನ್-ಸ್ಮಿತ್. ಅನಾನಸಿನ ಪರಿಮಳದ ಬೆನ್ನು ಹತ್ತಿದ್ದ ಮನುಷ್ಯ! ವಾಹನಗಳು ಉಗುಳುವ ಅರೆಬೆಂದ ಪೆಟ್ರೋಲು, ನೈಟ್ರೋಜನ್ ಆಕ್ಸೈಡುಗಳು ಬಿಸಿಲಿನಲ್ಲಿ ಸೇರಿ ಓಝೋನ್ ಆಗುತ್ತವೆ ಎಂದು ಆತ ತೋರಿಸಿದರು.

1975ರ ಮಾದರಿಗಳಿಂದ ಅಮೆರಿಕದ ಕಾರುಗಳಿಗೆ ಕೆಟಲಿಟಿಕ್ ಕನ್ವರ್ಟರ್ ಬಂತು. ಆದರೆ ಕಾರ್ಖಾನೆಯಿಂದ ಚೊಕ್ಕವಾಗಿ ಹೊರಟ ಕಾರು ಐದಾರು ವರ್ಷದ ಮೇಲೆ ಏನು ಉಗುಳುತ್ತಿದೆ ಎಂದು ನೋಡುವವರು ಯಾರು? ಕಾರೇ ನೋಡಿಕೊಳ್ಳಲಿ ಎಂದಿತು ಕ್ಯಾಲಿಫೋರ್ನಿಯಾ. 1988ರ ಮಾದರಿಗಳಿಗೆ ಅಲ್ಲಿ ಓಬಿಡಿ ಕಡ್ಡಾಯವಾಯಿತು. 1996ರಲ್ಲಿ ಅದರ ಎರಡನೇ ರೂಪ ಇಡೀ ಅಮೆರಿಕಕ್ಕೆ. ಅಂದರೆ ಈ ದೀಪ ಹುಟ್ಟಿದ್ದು ನಮ್ಮ ಇಂಜಿನ್ ಉಳಿಸಲು ಅಲ್ಲ, ಊರಿನ ಗಾಳಿ ಉಳಿಸಲು.

ನಮ್ಮ ಮುಂಬಯಿಗೆ ಅದು ತಡವಾಗಿ ಬಂತು. 1995ರ ಏಪ್ರಿಲ್‌ನಲ್ಲಿ ನಾಲ್ಕು ಮಹಾನಗರಗಳ ಹೊಸ ಕಾರುಗಳಿಗೆ ಕನ್ವರ್ಟರ್, 2010ರಲ್ಲಿ ಬಿಎಸ್-4 ಜೊತೆ ಓಬಿಡಿ, 2013ರಲ್ಲಿ ಅದರ ಎರಡನೇ ಹಂತ. 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟ ಪದ್ಮಿನಿ ಟ್ಯಾಕ್ಸಿಗಳಿಗೆ ಕೊನೆಯವರೆಗೂ ಈ ದೀಪ ಇರಲಿಲ್ಲ. ದಾದರಿನ ಸಿಗ್ನಲ್‌ನಲ್ಲಿ ಅವುಗಳ ಹಿಂದೆ ನಿಂತವರಿಗೆ ಮೂಗೇ ಚೆಕ್ ಇಂಜಿನ್ ಲೈಟು.

ನಮ್ಮ ಮನೆಯ ಹಳೇ ಕಾರಿನ ದೀಪಕ್ಕೆ ಪಿ-0420 ಎಂಬ ಕೋಡ್. "ಕುಛ್ ನಹೀ ಸಾಬ್, ಸೆನ್ಸರ್ ಕಾ ಲಫಡಾ" ಎಂದರು ಒಬ್ಬರು. ಕನ್ವರ್ಟರ್ ಬದಲಿಸಿ ಎಂದರು ಇನ್ನೊಬ್ಬರು, ಅದರ ಬೆಲೆ ಕೇಳಿ ಮನೆಯವಳು ಕಾರನ್ನೇ ಮಾರಿ ಎಂದಳು. ಅಸಲಿಗೆ ಆ ಕೋಡ್ ಹೇಳುವುದು ಕನ್ವರ್ಟರ್ ಕೆಲಸ ಸಾಲುತ್ತಿಲ್ಲ ಎಂದಷ್ಟೇ, ಯಾಕೆ ಎಂದಲ್ಲ. ಮೂರನೆಯ ಮಿಸ್ತ್ರಿ ಕೆಳಗೆ ಮಲಗಿ ಹುಡುಕಿದ. ಹೊಗೆ ಕೊಳವೆಯ ಜೋಡಣೆಯಲ್ಲಿ ಕೂದಲೆಳೆಯ ಬಿರುಕು, ಅಲ್ಲಿಂದ ಹೊರಗಿನ ಗಾಳಿ ನುಗ್ಗಿ ಆಕ್ಸಿಜನ್ ಸೆನ್ಸರಿಗೆ ಸುಳ್ಳು ಲೆಕ್ಕ ಕೊಡುತ್ತಿತ್ತು. ಬೆಸುಗೆ ಹಾಕಿದ ಮೇಲೆ ಸ್ಕ್ಯಾನರ್ ಮುಟ್ಟಲೇ ಇಲ್ಲ. ಸಾಮಾನ್ಯವಾಗಿ ಮೂರು ಓಡಾಟದ ತಪಾಸಣೆ ಸತತವಾಗಿ ಸರಿಬಂದರೆ ದೀಪ ತಾನೇ ಆರುತ್ತದೆ, ಆರಿತು. ಬರೀ ಕೋಡ್ ಅಳಿಸಿದರೆ ಕಂಪ್ಯೂಟರ್ ಮೊದಲಿಂದ ಪರೀಕ್ಷೆ ಶುರುಮಾಡಿ ಅದೇ ದೋಷಕ್ಕೆ ಬಂದು ನಿಲ್ಲುತ್ತದೆ, ಅಷ್ಟೇ.

ದೀಪ ಮಿಣುಕುತ್ತಿದ್ದರೆ ಮಾತ್ರ ಕಾಯಬೇಡಿ. ಸಿಲಿಂಡರಿನಲ್ಲಿ ಸುಡದ ಪೆಟ್ರೋಲು ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತಿರುತ್ತದೆ, ಕೆಲವೇ ಮೈಲಿಯಲ್ಲಿ ಅದು ಕರಗಬಹುದು.

ಇನ್ನೊಂದು ವಿದ್ಯೆಯೂ ಗ್ಯಾರೇಜುಗಳಲ್ಲಿದೆ. ಕನ್ವರ್ಟರಿನ ಹೊಟ್ಟೆ ಬಗೆದು ಪ್ಲಾಟಿನಂ, ಪಲ್ಲೇಡಿಯಂ ಇರುವ ತಿರುಳನ್ನು ಗುಜರಿಗೆ ಮಾರಿ, ದೀಪ ಹತ್ತದ ಹಾಗೆ ವೈರಿಗೆ ಏನೋ ಸಿಕ್ಕಿಸಿ ಕೊಡುತ್ತಾರೆ. ಆ ಕಾರಿನ ಡ್ಯಾಶ್‌ಬೋರ್ಡು ಬಲು ಸ್ವಚ್ಛ, ಹಿಂದೆ ರಿಕ್ಷಾದಲ್ಲಿ ಕೂತವರು ಕೆಮ್ಮುತ್ತಿರುತ್ತಾರೆ.